ಮಿಲ್ಟ್ರಿಯವರ ಮನೆಯ ಕಂದಾಯ: ಆಸ್ತಿ ತೆರಿಗೆ ರಿಯಾಯಿತಿಯ ಒಂದು ಪ್ರಕರಣ ಅಧ್ಯಯನ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಬಡಾವಣೆಯಲ್ಲಿ, ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಒಂದು ಮನೆಯಿದೆ. ಮನೆ ಕಟ್ಟಿಸಿದವರು ತೀರಿಕೊಂಡು ವರ್ಷಗಳಾದರೂ ಅಂಚೆಯವನಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಅದನ್ನು ಈಗಲೂ ‘ಮಿಲ್ಟ್ರಿಯವರ ಮನೆ’ ಎಂದೇ ಗುರುತಿಸುತ್ತಾರೆ. ಸೈನ್ಯದಲ್ಲಿ ಹದಿನೇಳು ವರ್ಷ ಸೇವೆ ಮಾಡಿ ಪಿಂಚಣಿಯೊಂದಿಗೆ ಊರಿಗೆ ಮರಳಿದ ಅವರು ಅಲ್ಲಿಯೇ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿ ದುಡಿದು, ಪಿಂಚಣಿಯ ಇಡಿಗಂಟನ್ನೂ ಒಂದಿಷ್ಟು ಸಾಲವನ್ನೂ ಕೂಡಿಸಿ ಈ ಮನೆ ಎಬ್ಬಿಸಿದ್ದರು. ಕೆಳಗೆ ಮನೆಯವರ ವಾಸ, ಮೇಲೆ ಬಾಡಿಗೆಗೆ ಕೊಟ್ಟ ಒಂದು ಮಹಡಿ, ರಸ್ತೆಗೆ ಮುಖ ಮಾಡಿದ ಒಂದು ಮಳಿಗೆ. ಮಳಿಗೆಯಲ್ಲಿ ಜೆರಾಕ್ಸ್ ಅಂಗಡಿ. ಕೆಳಗಿನ ಮನೆಯಲ್ಲಿ ಈಗ ಇರುವವರು ಇಬ್ಬರೇ: ಎಪ್ಪತ್ತು ದಾಟಿದ ತಾಯಿ, ನಲವತ್ತರ ಹತ್ತಿರದ ಮಗ. ಮಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಎಂದರೆ ಮಿದುಳಿನ ಹಾನಿಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಮಗಳು ಮದುವೆಯಾಗಿ ಹಾಸನದ ಕಡೆ ಇದ್ದಾರೆ.

ನಾನು ನಗರ ಸ್ಥಳೀಯ ಸಂಸ್ಥೆಗಳ ಕಂದಾಯ ಶಾಖೆಯಲ್ಲಿ ದುಡಿದು ನಿವೃತ್ತನಾಗಿ ತುಮಕೂರಿನಲ್ಲಿ ನೆಲೆಸಿದವನು. ಕೌಂಟರಿನ ಒಳಗಡೆ ಕೂತು ಮೂರು ದಶಕ ಕಳೆದವನಿಗೆ ಹೊರಗಡೆ ನಿಂತು ನೋಡುವ ಅವಕಾಶವನ್ನು ಈ ಪ್ರಕರಣ ಒದಗಿಸಿತು. ಕುಟುಂಬದವರ ಒಪ್ಪಿಗೆಯಿಂದ, ಹೆಸರು ಊರುಗಳನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ತೆರಿಗೆಯ ಮೊತ್ತಗಳನ್ನು ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡು ಅಂಕಿಗೆ ತಂದಿದ್ದೇನೆ. ಶೇಕಡಾವಾರು ದರಗಳನ್ನು ಇದ್ದಂತೆಯೇ ಇಟ್ಟಿದ್ದೇನೆ.

ಕೇಳಿದ್ದು ಮೂರು ರಿಯಾಯಿತಿ

ಆ ತಾಯಿ ನನ್ನನ್ನು ಕಾಣಲು ಬಂದದ್ದು ಒಂದು ಡಿಸೆಂಬರ್‌ನಲ್ಲಿ. ಕೈಯಲ್ಲಿ ಪುರಸಭೆಯ ತೆರಿಗೆ ಚಲನ್, ಒಂದು ಬಟ್ಟೆಯ ಚೀಲ. ಬಂದ ಕೂಡಲೇ, ‘ಸ್ವಾಮಿ, ನಮ್ಮನೇಲಿ ಮೂರು ರಿಯಾಯ್ತಿ ಐತೆ, ಒಂದೂ ಕೊಡ್ತಿಲ್ಲ’ ಎಂದರು. ಗಂಡ ಮಾಜಿ ಸೈನಿಕರು ಎಂಬುದು ಒಂದು, ತಾವು ಹಿರಿಯ ನಾಗರಿಕರು ಎಂಬುದು ಇನ್ನೊಂದು, ಮಗ ಅಂಗವಿಕಲ ಎಂಬುದು ಮತ್ತೊಂದು. ಮೂರೂ ಕೂಡಿದರೆ ಕಂದಾಯ ಕಟ್ಟುವ ಅಗತ್ಯವೇ ಬೀಳಬಾರದು ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನೇ ನಂಬಿ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂದು ಕಾಸೂ ಕಟ್ಟಿರಲಿಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಎರಡು ಮೂಲಗಳು ಹೊರಬಿದ್ದವು. ಅವರ ಅಣ್ಣನ ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದು, ಅಲ್ಲಿ ಮನೆ ತೆರಿಗೆಯಲ್ಲಿ ಸೈನಿಕರಿಗೂ ಮುದುಕರಿಗೂ ಅಂಗವಿಕಲರಿಗೂ ಬಿಡುತ್ತಾರೆ ಎಂದು ಫೋನಿನಲ್ಲಿ ಹೇಳಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಆ ರಾಜ್ಯದಲ್ಲಿ ಸೈನ್ಯದಿಂದ ಗೌರವಯುತವಾಗಿ ಬಿಡುಗಡೆಯಾದವರಿಗೆ ವರ್ಷಕ್ಕೆ 250 ಡಾಲರ್ ಕಡಿತವಿದೆ; ವಾರ್ಷಿಕ ಆದಾಯ 10,000 ಡಾಲರ್ ಮೀರದ, 65 ವರ್ಷ ತುಂಬಿದವರಿಗೆ ಅಥವಾ ಪೂರ್ಣ ಅಂಗವೈಕಲ್ಯವುಳ್ಳವರಿಗೆ ಅಷ್ಟೇ ಮೊತ್ತದ ಇನ್ನೊಂದು ಕಡಿತವಿದೆ; ಸೇವೆಯ ಕಾರಣದಿಂದಲೇ ಪೂರ್ಣ ಅಂಗವಿಕಲರಾದ ಸೈನಿಕರ ಸ್ವಂತ ಮನೆಗೆ ಪೂರ್ತಿ ವಿನಾಯಿತಿಯೇ ಇದೆ. ಎರಡನೆಯ ಮೂಲ ದೆಹಲಿಯದು. ಅಲ್ಲಿನ ನಗರಪಾಲಿಕೆ ಹಿರಿಯ ನಾಗರಿಕರು, ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರಿಗೆ ಒಂದು ಮನೆಯ ಮಟ್ಟಿಗೆ, 200 ಚದರ ಮೀಟರ್‌ವರೆಗೆ, ಶೇ 30ರಷ್ಟು ಬಿಡುತ್ತದೆ. ಇದನ್ನು ಯಾರೋ ಕನ್ನಡಕ್ಕೆ ತಂದು, ದೆಹಲಿ ಎಂಬ ಪದವನ್ನು ಮಾತ್ರ ಕೈಬಿಟ್ಟು, ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟಿದ್ದರು. ಊರಿನ ಹೆಸರು ಕಳಚಿಕೊಂಡ ಕಾನೂನು ಎಲ್ಲ ಊರಿನ ಕಾನೂನೂ ಆಗಿಬಿಡುತ್ತದೆ.

ಆಸ್ತಿ ತೆರಿಗೆ ಆಯಾ ರಾಜ್ಯದ ಕಾನೂನಿನ ಕೆಳಗೆ ಸ್ಥಳೀಯ ಸಂಸ್ಥೆ ವಿಧಿಸುವ ತೆರಿಗೆ. ಕರ್ನಾಟಕದಲ್ಲಿ ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಅಧಿನಿಯಮ, ತುಮಕೂರಿನಂಥ ಮಹಾನಗರಪಾಲಿಕೆಗಳಿಗೆ 1976ರ ಪಾಲಿಕೆಗಳ ಅಧಿನಿಯಮ ಅನ್ವಯಿಸುತ್ತದೆ. ನಮ್ಮಲ್ಲಿ ಮಾಜಿ ಸೈನಿಕರು ಅಥವಾ ಮೃತ ಮಾಜಿ ಸೈನಿಕರ ಕುಟುಂಬದವರು ಸ್ವತಃ ವಾಸಿಸುವ ಒಂದು ಮನೆಗೆ ಶೇ 50ರ ರಿಯಾಯಿತಿ ಉಂಟು. ವಯಸ್ಸಾಯಿತು ಎಂಬ ಕಾರಣಕ್ಕೆ ಮನೆ ಕಂದಾಯದಲ್ಲಿ ಬಿಡುವ ಪದ್ಧತಿ ನಮ್ಮ ಪುರಸಭೆಗಳಲ್ಲಿಲ್ಲ. ಹಿರಿಯ ನಾಗರಿಕರ ಗುರುತಿನ ಚೀಟಿ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಶೇ 25 ಬಿಡುತ್ತಾರೆ, ಬ್ಯಾಂಕಿನ ಠೇವಣಿಗೆ ತುಸು ಹೆಚ್ಚು ಬಡ್ಡಿ ಕೊಡುತ್ತಾರೆ. ಆ ಚೀಟಿ ಪುರಸಭೆಯ ಕೌಂಟರಿನಲ್ಲಿ ಕೆಲಸಕ್ಕೆ ಬಾರದು.

ಅಂಗವೈಕಲ್ಯದ ವಿಷಯ ಸ್ವಲ್ಪ ಬೇರೆ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ ಮೀಸಲಿಡುವಂತೆ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ತೆಗೆದಿಡಬೇಕು. ಅಂದರೆ ನಮ್ಮ ವ್ಯವಸ್ಥೆ ಅಂಗವಿಕಲರ ಮನೆಯ ತೆರಿಗೆಯನ್ನು ಬಿಡುವ ಬದಲು, ಎಲ್ಲರ ತೆರಿಗೆಯಿಂದ ಒಂದು ಪಾಲು ತೆಗೆದು ಅವರಿಗೆ ಸಾಧನ ಸಲಕರಣೆಗಳ ರೂಪದಲ್ಲಿ ಕೊಡುವ ದಾರಿಯನ್ನು ಹಿಡಿದಿದೆ. ಇದರಲ್ಲಿ ಒಂದು ನ್ಯಾಯವೂ ಇದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಸ್ವಂತ ಮನೆಯಿಲ್ಲದ ಅಂಗವಿಕಲರಿಗೆ ತೆರಿಗೆ ರಿಯಾಯಿತಿಯಿಂದ ನಯಾಪೈಸೆಯ ಉಪಯೋಗವಿಲ್ಲ. ಆದರೆ ಈ ಮನೆಯ ಮಗನಿಗೆ ಆ ನಿಧಿಯಿಂದ ಅಲ್ಲಿಯವರೆಗೆ ಏನೂ ಬಂದಿರಲಿಲ್ಲ. ಅವನು ಅರ್ಜಿಯನ್ನೇ ಹಾಕಿರಲಿಲ್ಲ.

ಮೂರರಲ್ಲಿ ಎರಡು ಹೀಗೆ ಮೊದಲ ಭೇಟಿಯಲ್ಲಿಯೇ ಬಿದ್ದುಹೋದವು. ಉಳಿದದ್ದು ಮಾಜಿ ಸೈನಿಕರ ರಿಯಾಯಿತಿ.

ಇದ್ದ ರಿಯಾಯಿತಿ ತಪ್ಪಿದ ಬಗೆ

ಚೀಲದಲ್ಲಿದ್ದ ಹಳೆಯ ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿದಾಗ ಅಚ್ಚರಿಯ ಸಂಗತಿಯೊಂದು ಕಂಡಿತು. ಗಂಡ ಬದುಕಿದ್ದಷ್ಟು ಕಾಲ ಈ ಮನೆಗೆ ರಿಯಾಯಿತಿ ಸಿಗುತ್ತಿತ್ತು. ಪ್ರತಿ ಏಪ್ರಿಲ್‌ನಲ್ಲಿ ಅವರೇ ಸ್ವಯಂ ಘೋಷಣೆಯ ನಮೂನೆಯನ್ನು ತುಂಬಿ, ಮಾಜಿ ಸೈನಿಕರ ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ, ಖುದ್ದಾಗಿ ಹೋಗಿ ಕಟ್ಟಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ಅಳಿಯನ ಪಾಲಿಗೆ ಬಂತು. ಅಳಿಯ ಹಾಸನದಿಂದಲೇ ವಿವರ ತುಂಬಿ ಹಣ ಕಟ್ಟಿದರು. ಮಾವನ ಗುರುತಿನ ಚೀಟಿಯ ಸಂಗತಿ ಅವರಿಗೆ ಗೊತ್ತಿರಲಿಲ್ಲ.

ಮೊತ್ತ ಏರಿದ್ದು ಯಾರ ಕಣ್ಣಿಗೂ ಬೀಳದಿರಲು ಕಾರಣವಿತ್ತು. 2021-22ರಿಂದ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ತೆರಿಗೆಯ ಲೆಕ್ಕವೇ ಬದಲಾಗಿ, ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಮೌಲ್ಯದ (ಆಸ್ತಿಗೆ ಸರ್ಕಾರ ಗೊತ್ತುಮಾಡಿದ ಬೆಲೆಯ) ಶೇ 25ರಷ್ಟನ್ನು ಆಧಾರವಾಗಿಟ್ಟುಕೊಂಡು ತೆರಿಗೆ ಹಾಕುವ ಪದ್ಧತಿ ಬಂತು. ಅದರ ಮೇಲೆ ವರ್ಷಕ್ಕೆ ಶೇ 3ರಿಂದ 5ರವರೆಗೆ ಏರಿಕೆಯೂ ಸೇರಿತು. ಆ ವರ್ಷ ಬಡಾವಣೆಯ ಎಲ್ಲರ ಮನೆಯ ಕಂದಾಯವೂ ಬದಲಾಗಿತ್ತು. ಹೊಸ ದರ ಬಂದಿದೆ ಎಂದುಕೊಂಡು ಇವರೂ ಸುಮ್ಮನಾದರು. ಹೊಸ ದರದ ಮರೆಯಲ್ಲಿ ಹಳೆಯ ರಿಯಾಯಿತಿ ಮಾಯವಾದದ್ದು ಮೂರು ವರ್ಷಗಳ ನಂತರ, ಮಾಜಿ ಸೈನಿಕರ ಸಂಘದ ಸಭೆಯಲ್ಲಿ ಇನ್ನೊಬ್ಬ ಸೈನಿಕರ ಪತ್ನಿ ತಮ್ಮ ರಸೀದಿಯ ಮಾತು ಎತ್ತಿದಾಗಲೇ ತಿಳಿದದ್ದು.

ಇದರಲ್ಲಿ ಪುರಸಭೆಯ ತಪ್ಪಿಲ್ಲವೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಸ್ವಯಂ ಘೋಷಣೆಯ ಪದ್ಧತಿಯಲ್ಲಿ ತೆರಿಗೆಯನ್ನು ಲೆಕ್ಕ ಹಾಕುವವರು ಮಾಲೀಕರೇ. ಕಚೇರಿ ಅದನ್ನು ಒಪ್ಪಿಕೊಳ್ಳುತ್ತದೆ, ಬೇಕೆನಿಸಿದರೆ ಪರಿಶೀಲಿಸುತ್ತದೆ. ಕಡಿಮೆ ಘೋಷಿಸಿದವರನ್ನು ಹುಡುಕಿ ನೋಟಿಸು ಕೊಡುವ ಏರ್ಪಾಡು ಇದೆ, ಹೆಚ್ಚು ಕಟ್ಟಿದವರನ್ನು ಹುಡುಕಿ ಹೇಳುವ ಏರ್ಪಾಡು ಇಲ್ಲ. ನಾನು ಕೌಂಟರಿನ ಒಳಗಿದ್ದಾಗಲೂ ಯಾರಿಗೂ ಕರೆದು ಹೇಳಿದವನಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಲೆಕ್ಕ

ಕೆಳಗಿನ ಸ್ವಂತ ವಾಸದ ಭಾಗಕ್ಕೆ 2,000 ರೂಪಾಯಿ, ಬಾಡಿಗೆಯ ಮಹಡಿಗೆ 1,800, ಮಳಿಗೆಗೆ 1,200, ಒಟ್ಟು ತೆರಿಗೆ 5,000 ಎಂದಿಟ್ಟುಕೊಳ್ಳೋಣ. ಇದರ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3, ಕೂಡಿ ಶೇ 24, ಅಂದರೆ 1,200. ಪೂರ್ತಿ ಕಟ್ಟಿದರೆ 6,200 ರೂಪಾಯಿ. ಘನತ್ಯಾಜ್ಯ ನಿರ್ವಹಣೆಯ ಶುಲ್ಕ ಬೇರೆ, ಅದನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ಶೇ 50 ರಿಯಾಯಿತಿ ಎಂದರೆ 6,200ರಲ್ಲಿ ಅರ್ಧ ಎಂದು ತಾಯಿ ತಿಳಿದಿದ್ದರು. ರಿಯಾಯಿತಿ ಇರುವುದು ಸ್ವಂತ ವಾಸಕ್ಕೆ. ಕಂದಾಯ ಅಧಿಕಾರಿಗಳು ಕೆಳಗಿನ ಭಾಗಕ್ಕೆ ಮಾತ್ರ ಅದನ್ನು ಒಪ್ಪಿದರು; ಬಾಡಿಗೆಯ ಮಹಡಿಗೂ ಮಳಿಗೆಗೂ ಒಪ್ಪಲಿಲ್ಲ. ಗಂಡ ಇದ್ದಾಗಿನ ರಸೀದಿಗಳಲ್ಲಿಯೂ ಹಾಗೆಯೇ ಇತ್ತು. ಆದ್ದರಿಂದ 2,000 ಇದ್ದದ್ದು 1,000 ಆಗುತ್ತದೆ, ಒಟ್ಟು ತೆರಿಗೆ 4,000, ಉಪಕರ 960, ಕಟ್ಟಬೇಕಾದದ್ದು 4,960. ವರ್ಷಕ್ಕೆ ಉಳಿಯುವುದು 1,240 ರೂಪಾಯಿ.

ಈ 1,240 ರೂಪಾಯಿಗಾಗಿ ಅವರು ತೆರಿಗೆಯನ್ನೇ ತಡೆಹಿಡಿದದ್ದರ ಬೆಲೆ ಎಷ್ಟೆಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ತೆರಿಗೆಯಲ್ಲಿ ಶೇ 5 ಬಿಡುತ್ತಾರೆ. ಮೇ ಮತ್ತು ಜೂನ್‌ನಲ್ಲಿ ಬಿಡುವುದೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ ಏರುತ್ತದೆ. ಜನವರಿಯಲ್ಲಿ ಕಟ್ಟುವ ಹೊತ್ತಿಗೆ ಏಳು ತಿಂಗಳಿಗೆ ಶೇ 14. ತೆರಿಗೆಯ ಮೊತ್ತದ ಮೇಲಷ್ಟೇ ಹಿಡಿದರೂ 700 ರೂಪಾಯಿ. ಏಪ್ರಿಲ್‌ನಲ್ಲಿ ಸಿಗಬಹುದಾಗಿದ್ದ 250 ಕೈತಪ್ಪಿತು. ಎರಡೂ ಸೇರಿ 950. ಕಾದು ಕುಳಿತದ್ದಕ್ಕೆ ಒಂದು ವರ್ಷದ ರಿಯಾಯಿತಿಯ ಮುಕ್ಕಾಲು ಪಾಲು ಹೋಯಿತು. ಇದನ್ನು ಕಾಗದದಲ್ಲಿ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, ‘ಹಂಗಾದ್ರೆ ನಾನೇ ನನ್ ಕೈಯ್ಯಾರೆ ಕಳ್ಕಂಡೆ’ ಎಂದರು.

ಗಂಟು

ಕಟ್ಟಿಬಿಡಿ ಎಂದು ಹೇಳುವುದು ಸುಲಭವಾಗಿತ್ತು. ರಿಯಾಯಿತಿ ಮರಳಿ ಪಡೆಯುವುದು ಸುಲಭವಾಗಿರಲಿಲ್ಲ. ಪುರಸಭೆಯ ತೆರಿಗೆ ದಾಖಲೆಯಾದ ಖಾತೆ ಇನ್ನೂ ಸತ್ತವರ ಹೆಸರಿನಲ್ಲಿತ್ತು. ರಿಯಾಯಿತಿ ಕೋರಿ ಘೋಷಣೆಗೆ ಸಹಿ ಹಾಕಬೇಕಾದವರು ಖಾತೆದಾರರು, ಮತ್ತು ತೀರಿಕೊಂಡವರ ಪರವಾಗಿ ‘ನಾನು ಇಲ್ಲಿ ವಾಸವಾಗಿದ್ದೇನೆ’ ಎಂದು ಯಾರೂ ಸಹಿ ಹಾಕಲು ಬರುವುದಿಲ್ಲ. ಖಾತೆ ಬದಲಾಯಿಸಿಕೊಳ್ಳೋಣವೆಂದರೆ ಅರ್ಜಿಯ ಜೊತೆ ಚಾಲ್ತಿ ವರ್ಷದವರೆಗೆ ತೆರಿಗೆ ಕಟ್ಟಿದ ರಸೀದಿ ಇರಬೇಕು. ತಾಯಿ ರಿಯಾಯಿತಿ ಕೊಟ್ಟರೆ ಕಟ್ಟುತ್ತೇನೆ ಎನ್ನುತ್ತಿದ್ದರು. ಖಾತೆಯಾಗದೆ ರಿಯಾಯಿತಿ ಇರಲಿಲ್ಲ. ಕಟ್ಟದೆ ಖಾತೆ ಇರಲಿಲ್ಲ. ಒಂಬತ್ತು ತಿಂಗಳು ಅವರು ಇದೇ ಸುತ್ತಿನಲ್ಲಿ ಸುತ್ತಿದ್ದರು, ಮತ್ತು ಪ್ರತಿ ಬಾರಿಯೂ ಎದುರಿಗಿದ್ದ ಗುಮಾಸ್ತರು ಸುತ್ತಿನ ಒಂದು ತುಂಡನ್ನು ಮಾತ್ರ ಹೇಳಿ ಕಳಿಸಿದ್ದರು.

ನಾನು ಕೊಟ್ಟ ಸಲಹೆ ಇಷ್ಟೇ: ಈ ವರ್ಷದ ರಿಯಾಯಿತಿಯ ಆಸೆ ಬಿಡಿ, ಪೂರ್ತಿ ತೆರಿಗೆಯನ್ನು ದಂಡದ ಸಮೇತ ಕಟ್ಟಿ, ರಸೀದಿಯನ್ನು ಖಾತೆಯ ಅರ್ಜಿಗೆ ಹಚ್ಚಿ, ಮುಂದಿನ ಏಪ್ರಿಲ್‌ಗೆ ಸಿದ್ಧರಾಗಿ. ಅವರು ಜನವರಿಯಲ್ಲಿ 6,900 ರೂಪಾಯಿ ಕಟ್ಟಿದರು. ಹಿಂದಿನ ಮೂರು ವರ್ಷ ಹೆಚ್ಚಾಗಿ ಕಟ್ಟಿದ್ದನ್ನು ಹೊಂದಿಸಿಕೊಡಿ ಎಂದು ಒಂದು ಮನವಿಯನ್ನೂ ಸಲ್ಲಿಸಿದೆವು. ಘೋಷಣೆ ಸಲ್ಲಿಸಿ ಅಂಗೀಕಾರವಾದ ವರ್ಷಗಳನ್ನು ತೆರೆಯಲಾಗದು ಎಂಬ ಉತ್ತರ ಬಂತು. ಅದರ ಮೇಲೆ ಹೋರಾಡಬಹುದಿತ್ತು. ಎಪ್ಪತ್ತು ದಾಟಿದವರನ್ನು ನಾಲ್ಕು ಸಾವಿರ ರೂಪಾಯಿಗೆ ಮೇಲ್ಮನವಿಯ ಮೆಟ್ಟಿಲು ಹತ್ತಿಸುವುದು ನನಗೆ ಸರಿ ಎನ್ನಿಸಲಿಲ್ಲ.

ಮೂವರ ಹೆಸರು

ವಾರಸಾ ಖಾತೆಗೆ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ವಂಶವೃಕ್ಷ ಬೇಕಾಯಿತು. ಗಂಡ ಸ್ವಂತ ದುಡಿಮೆಯಿಂದ ಗಳಿಸಿ ಉಯಿಲು ಬರೆಯದೆ ತೀರಿಕೊಂಡ ಆಸ್ತಿಯಾದ್ದರಿಂದ ಹೆಂಡತಿ, ಮಗ, ಮಗಳು ಮೂವರೂ ಸಮಾನ ವಾರಸುದಾರರು. ಇಲ್ಲಿ ಊರಿನ ಒಬ್ಬ ಮಧ್ಯವರ್ತಿ ಒಂದು ಉಪಾಯ ಹೇಳಿದ್ದ: ಮಗಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ಇಡೀ ಮನೆಯನ್ನು ತಾಯಿಯ ಒಬ್ಬರ ಹೆಸರಿಗೇ ಮಾಡಿಸಿದರೆ ರಿಯಾಯಿತಿಗೆ ಯಾರೂ ತಕರಾರು ಮಾಡುವುದಿಲ್ಲ, ಹಾಸನದಲ್ಲಿರುವ ಮಗಳ ಹೆಸರು ಸೇರಿದರೆ ‘ಸ್ವಂತ ವಾಸ’ ಎಂಬುದು ಕೆಡುತ್ತದೆ. ತಾಯಿ ಇದಕ್ಕೆ ಅರ್ಧ ಒಪ್ಪಿಯೂ ಆಗಿದ್ದರು.

ವರ್ಷಕ್ಕೆ 1,240 ರೂಪಾಯಿಗೆ ಮಗಳಿಂದ ಮನೆಯ ಮೂರನೆಯ ಒಂದು ಪಾಲನ್ನು ಬಿಡಿಸಬೇಡಿ ಎಂದು ನಾನು ಬಲವಾಗಿ ಹೇಳಿದೆ. ತಾಯಿಯ ನಂತರ ಅಣ್ಣನನ್ನು ನೋಡಿಕೊಳ್ಳಬೇಕಾದವಳು ಅದೇ ಮಗಳು. ಅವಳ ಕೈಯಿಂದ ಹಕ್ಕು ಕಿತ್ತುಕೊಂಡು ಹೊಣೆಯನ್ನು ಮಾತ್ರ ಉಳಿಸುವುದು ಎಲ್ಲಿಯ ನ್ಯಾಯ? ಖಾತೆ ಎಂಬುದು ತೆರಿಗೆ ಕಟ್ಟುವವರು ಯಾರು ಎಂಬುದರ ದಾಖಲೆ, ಒಡೆತನದ ಹಕ್ಕುಪತ್ರವಲ್ಲ ಎಂಬುದನ್ನೂ ವಿವರಿಸಿದೆ. ಮೂವರ ಹೆಸರಿಗೂ ಜಂಟಿಯಾಗಿ ಅರ್ಜಿ ಹಾಕಿದೆವು. ಮೂವರೂ ಮೃತ ಮಾಜಿ ಸೈನಿಕರ ಕುಟುಂಬದವರೇ, ವಾಸವಿರುವವರು ಅವರ ಪತ್ನಿ ಮತ್ತು ಮಗ ಎಂದು ಅರ್ಜಿಯಲ್ಲಿ ಬಿಡಿಸಿ ಬರೆದೆವು. ಕಂದಾಯ ಅಧಿಕಾರಿಗಳು ಅದನ್ನು ಒಪ್ಪಿದರು.

ತೊಡಕು ಬಂದದ್ದು ಮಗನ ಸಹಿಯಲ್ಲಿ. ಅವನ ಮಾತು ತೊದಲುತ್ತದೆ, ಕೈ ನಡುಗುತ್ತದೆ. ಆದರೆ ಬುದ್ಧಿ ಚುರುಕಾಗಿದೆ. ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿದ್ದೆವು ಎಂದೆನಲ್ಲ, ಯಾವ ವರ್ಷದ್ದು ಎಲ್ಲಿದೆ ಎಂದು ಹೇಳಿದವನು ಅವನೇ. ಅವನ ಪರವಾಗಿ ಪೋಷಕರು ಬೇಕು, ನ್ಯಾಯಾಲಯದ ಆದೇಶ ತನ್ನಿ ಎಂದು ಮೇಜಿನ ಆಚೆಯಿಂದ ಮಾತು ಬಂತು. ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರಿಗೆ ಅಗತ್ಯಬಿದ್ದರೆ 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಕೆಳಗೆ, ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅದಕ್ಕೆ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಅಂಗವಿಕಲರಿಗೆ ಆಸ್ತಿ ಹೊಂದುವ, ವಾರಸಾಗಿ ಪಡೆಯುವ, ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು ಇತರರಷ್ಟೇ ಇದೆ ಎಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಹೇಳುತ್ತದೆ. ತೊದಲು ಮಾತು ಅಸಮರ್ಥತೆಯಲ್ಲ. ಅಧಿಕಾರಿಗಳ ಎದುರಿಗೆ ಅವನನ್ನು ಕೂರಿಸಿ, ಅವರು ಕೇಳಿದ ನಾಲ್ಕು ಪ್ರಶ್ನೆಗೆ ಅವನು ನಿಧಾನವಾಗಿ ಉತ್ತರ ಹೇಳಿದ ಮೇಲೆ, ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳೊಂದಿಗೆ ಸ್ವೀಕರಿಸಿದರು.

ಕಪ್ಪು ಟ್ರಂಕು

ಖಾತೆಯಾಗುವಷ್ಟರಲ್ಲಿ ಮಾಜಿ ಸೈನಿಕರ ದಾಖಲೆಗಳನ್ನು ಹೊಂದಿಸಿಕೊಳ್ಳಬೇಕಿತ್ತು. ಅವೆಲ್ಲ ಇದ್ದದ್ದು ಮಂಚದ ಕೆಳಗಿನ ಕಪ್ಪು ತಗಡಿನ ಟ್ರಂಕಿನಲ್ಲಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸೈನಿಕ ಸಂಖ್ಯೆ ಇನ್ನೂ ಓದಲು ಬರುತ್ತಿತ್ತು. ಒಳಗೆ ನುಸಿಗುಳಿಗೆಯ ವಾಸನೆ, ಮಡಿಸಿಟ್ಟ ಒಂದು ಹಸಿರು ಸ್ವೆಟರ್, ಅದರಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಡಿಸ್ಚಾರ್ಜ್ ಪುಸ್ತಕ ಮತ್ತು ಪಿಂಚಣಿ ಪಾವತಿ ಆದೇಶ, ಎಂದರೆ ಪಿಪಿಒ.

ಎರಡರಲ್ಲಿಯೂ ಹೆಂಡತಿಯ ಹೆಸರು ಬೇರೆಯೇ ಆಗಿತ್ತು. ಹೆಸರಿನ ಕೊನೆಯ ‘ಅಮ್ಮ’ ಹೋಗಿ ‘ದೇವಿ’ ಬಂದಿತ್ತು. ನಮ್ಮ ಕಡೆಯ ಸೈನಿಕರ ಮನೆಗಳಲ್ಲಿ ಇದು ಹೊಸದಲ್ಲ: ಎಲ್ಲೋ ದೂರದ ಕಚೇರಿಯಲ್ಲಿ ಕೂತ ಗುಮಾಸ್ತರ ಕಿವಿಗೆ ‘ಅಮ್ಮ’ ಎಂಬುದು ಹೆಸರಿನ ಭಾಗವಾಗಿ ಕೇಳಿಸದೆ, ತಮಗೆ ಪರಿಚಿತವಾದ ಬಾಲವನ್ನು ಅವರು ಜೋಡಿಸಿರುತ್ತಾರೆ. ಆಧಾರ್, ವಂಶವೃಕ್ಷ, ಬ್ಯಾಂಕ್ ಪಾಸ್‌ಬುಕ್ಕುಗಳಲ್ಲಿ ಅಮ್ಮ. ಸೈನ್ಯದ ಕಾಗದಗಳಲ್ಲಿ ದೇವಿ. ಕುಟುಂಬ ಪಿಂಚಣಿ ಹೇಗೆ ಬರುತ್ತಿದೆ ಎಂದರೆ, ಗಂಡ ಗನ್‌ಮ್ಯಾನ್ ಆಗಿದ್ದ ಬ್ಯಾಂಕಿನಲ್ಲಿಯೇ ಖಾತೆಯಿದ್ದು, ಅಲ್ಲಿನವರೆಲ್ಲ ಇವರನ್ನು ಬಲ್ಲವರಾದ್ದರಿಂದ ಆಗ ಯಾರೂ ಪ್ರಶ್ನೆ ಎತ್ತಿರಲಿಲ್ಲ. ಪುರಸಭೆಯ ಮಟ್ಟಿಗೆ ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರ ಸಾಕಾಯಿತು. ಆದರೆ ಮೂಲ ದಾಖಲೆಯನ್ನೇ ಸರಿಪಡಿಸಿಕೊಳ್ಳಿ ಎಂದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಹೇಳಿದರು. ಸೈನಿಕರ ಪತ್ನಿಗೆ ಕೊಡುವ ಗುರುತಿನ ಚೀಟಿಗೂ ಅದೇ ಆಧಾರ.

ಹೆಸರು ಎಲ್ಲೆಲ್ಲಿ ತಪ್ಪಿದೆ ಎಂದು ಪಿಪಿಒವನ್ನು ಸಾಲುಸಾಲಾಗಿ ಓದುವಾಗ ಇಡೀ ಪ್ರಕರಣದ ಅತಿ ಮುಖ್ಯ ಸಂಗತಿ ಕಣ್ಣಿಗೆ ಬಿತ್ತು. ಅದರಲ್ಲಿ ಮಗನ ಹೆಸರೇ ಇರಲಿಲ್ಲ.

ಸೈನಿಕರ ಮಕ್ಕಳಿಗೆ ಕುಟುಂಬ ಪಿಂಚಣಿ ಸಾಮಾನ್ಯವಾಗಿ 25 ವರ್ಷದವರೆಗೆ ಮಾತ್ರ. ಆದರೆ ಅಂಗವೈಕಲ್ಯದಿಂದ ದುಡಿದು ಬದುಕಲಾಗದ ಮಗ ಅಥವಾ ಮಗಳಿಗೆ, ತಂದೆ ತಾಯಿ ಇಬ್ಬರೂ ಇಲ್ಲವಾದ ನಂತರ, ಜೀವನಪರ್ಯಂತ ಕುಟುಂಬ ಪಿಂಚಣಿ ದೊರೆಯುತ್ತದೆ. ಅದಕ್ಕಾಗಿ ಮಗುವಿನ ಹೆಸರನ್ನು ತಂದೆ ಅಥವಾ ತಾಯಿ ಬದುಕಿರುವಾಗಲೇ ಪಿಪಿಒದಲ್ಲಿ ನಮೂದಿಸಿಟ್ಟಿದ್ದರೆ ಮುಂದಿನ ದಾರಿ ಸಲೀಸು. ಇಲ್ಲದಿದ್ದರೆ, ಇಬ್ಬರೂ ತೀರಿಕೊಂಡ ಮೇಲೆ, ನಡೆಯಲಾರದ, ಮಾತು ತೊದಲುವ ಮಗನೇ ತಾನು ಇವರ ಮಗನೆಂದೂ ತನ್ನ ಅಂಗವೈಕಲ್ಯ ಆಗಿನಿಂದಲೇ ಇದ್ದದ್ದೆಂದೂ ದೂರದ ಕಚೇರಿಗಳಿಗೆ ಸಾಬೀತು ಮಾಡಿಕೊಡಬೇಕಾಗುತ್ತದೆ. ತಾಯಿಯ ದಾಖಲೆಯಲ್ಲಿ ಹೆಸರೇ ಬೇರೆಯಾಗಿರುವಾಗ ‘ಇವರ ಮಗ’ ಎಂಬುದನ್ನು ಸಾಬೀತು ಮಾಡುವುದು ಇನ್ನೂ ಕಷ್ಟ. ವರ್ಷಕ್ಕೆ ಸಾವಿರದ ಇನ್ನೂರರ ವ್ಯವಹಾರಕ್ಕೆ ಟ್ರಂಕು ತೆರೆದಿದ್ದೆವು. ತಿಂಗಳು ತಿಂಗಳು ಬರಬೇಕಾದ, ಅವನ ಬದುಕಿನುದ್ದಕ್ಕೂ ಬರಬೇಕಾದ ಅನ್ನ ಅದರೊಳಗೆ ಬಾಯಿ ಮುಚ್ಚಿಕೊಂಡು ಕೂತಿತ್ತು.

ತಂದೆಗೆ ಇದು ತಿಳಿದಿರಲಿಲ್ಲವೇ ಎಂದು ತಾಯಿಯನ್ನು ಕೇಳಿದೆ. ಮಗ ಹುಟ್ಟಿದಾಗ ಅವರು ಗಡಿಯಲ್ಲಿದ್ದರು, ರಜೆಗೆ ಬಂದಾಗ ಮಗುವಿಗೆ ಎಂಟು ತಿಂಗಳು. ಬರೆಸಬೇಕು ಎಂದು ಎಷ್ಟೋ ಸಲ ಹೇಳಿದ್ದರು, ‘ಬರೆಸಿದ್ರೆ ಹಿಂಗೇ ಇರ್ತಾನೆ ಅಂತ ಒಪ್ಕಂಡಂಗೆ ಆಗ್ತದೆ ಅಂತ ನಾನೇ ಬ್ಯಾಡ ಅಂದೆ’ ಎಂದರು. ಅದರ ಮೇಲೆ ನಾನು ಏನನ್ನೂ ಕೇಳಲಿಲ್ಲ.

ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು. ಜನನ ಪ್ರಮಾಣಪತ್ರ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ತಾಯಿಯ ಹೆಸರಿನ ಬಗೆಗಿನ ಪ್ರಮಾಣಪತ್ರ, ಮಗನಿಗೆ ಸ್ವಂತ ಆದಾಯವಿಲ್ಲವೆಂಬ ದಾಖಲೆ, ಇವನ್ನೆಲ್ಲ ಕೂಡಿಸಿ ಸೈನಿಕ ಕಲ್ಯಾಣ ಕಚೇರಿಯ ಮೂಲಕ, ಸೈನಿಕರ ಸೇವಾ ದಾಖಲೆಗಳನ್ನು ಇಟ್ಟುಕೊಳ್ಳುವ ಸೈನ್ಯದ ರೆಕಾರ್ಡ್ಸ್ ಕಚೇರಿಗೆ ಕಳಿಸಿದೆವು. ಮೊದಲು ತಾಯಿಯ ಹೆಸರಿನ ತಿದ್ದುಪಡಿ, ಅದಾದ ಮೇಲೆ ಮಗನ ಹೆಸರಿನ ಸೇರ್ಪಡೆ ಎಂಬ ಕ್ರಮವನ್ನು ಅಲ್ಲಿನವರೇ ಸೂಚಿಸಿದರು. ಇದೇ ಓಡಾಟದಲ್ಲಿ ಪಟ್ಟಣದ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆಯ ಪರಿಚಯವಾಗಿ, ಪುರಸಭೆಯ ಶೇ 5ರ ನಿಧಿಗೂ ಮಗನ ಅರ್ಜಿ ಹೋಯಿತು. ಅವನು ಕೇಳಿದ್ದು ಗಾಲಿಕುರ್ಚಿ. ಈಗ ಇರುವುದು ಅಪ್ಪ ತಂದದ್ದು, ಅದರ ಒಂದು ಗಾಲಿಯನ್ನು ಸೈಕಲ್ ಅಂಗಡಿಯವನು ತಂತಿ ಸುತ್ತಿ ನಿಲ್ಲಿಸಿದ್ದಾನೆ.

ಏಪ್ರಿಲ್

ಮಾರ್ಚ್‌ನಲ್ಲಿ ಮೂವರ ಹೆಸರಿನಲ್ಲಿ ನಮೂನೆ-3ರ ಇ-ಖಾತೆ ಬಂತು. ಏಪ್ರಿಲ್‌ನ ಮೊದಲ ವಾರದಲ್ಲಿ ತಾಯಿ ಘೋಷಣೆ ಸಲ್ಲಿಸಿದರು: ಸ್ವಂತ ವಾಸದ ಭಾಗ, ಬಾಡಿಗೆಯ ಭಾಗ, ಮಳಿಗೆ ಮೂರನ್ನೂ ಬೇರೆ ಬೇರೆಯಾಗಿ ತೋರಿಸಿ, ತಮಗೆ ಬೇರೆಲ್ಲಿಯೂ ರಿಯಾಯಿತಿ ಪಡೆದ ಮನೆಯಿಲ್ಲವೆಂದು ಬರೆದುಕೊಟ್ಟು, ಪಿಪಿಒ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಲಗತ್ತಿಸಿ. ಬಾಡಿಗೆಯ ಭಾಗವನ್ನು ಮುಚ್ಚಿಟ್ಟರೆ ಇನ್ನಷ್ಟು ಉಳಿಯುತ್ತದೆ ಎಂದು ಜೆರಾಕ್ಸ್ ಅಂಗಡಿಯವನೇ ಕಿವಿಯಲ್ಲಿ ಹೇಳಿದ್ದನಂತೆ. ಪರಿಶೀಲನೆಗೆ ಬಂದವರಿಗೆ ಮೊದಲು ಕಾಣುವುದು ಅವನ ಅಂಗಡಿಯ ಬೋರ್ಡೇ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಆ ವರ್ಷದ ಏರಿಕೆಯನ್ನು ಬದಿಗಿಟ್ಟು ನಮ್ಮ ದುಂಡು ಅಂಕಿಯಲ್ಲೇ ಹೇಳುವುದಾದರೆ, ತೆರಿಗೆ 4,000, ಅದರಲ್ಲಿ ಬೇಗ ಕಟ್ಟಿದ್ದಕ್ಕೆ 200 ಕಡಿತ, ಉಪಕರ 960, ಒಟ್ಟು 4,760. ಹಿಂದಿನ ವರ್ಷ ಕಟ್ಟಿದ್ದಕ್ಕಿಂತ 2,140 ರೂಪಾಯಿ ಕಡಿಮೆ. ನೋಟರಿ, ಬಸ್ ಚಾರ್ಜು, ನಾಡಕಚೇರಿಯ ಓಡಾಟಗಳಿಗೆ ಖರ್ಚಾದದ್ದು ಹೆಚ್ಚುಕಡಿಮೆ ಅಷ್ಟೇ.

ಮಗನ ಗಾಲಿಕುರ್ಚಿ ಇನ್ನೂ ಮಂಜೂರಾಗಿಲ್ಲ. ರೆಕಾರ್ಡ್ಸ್ ಕಚೇರಿಯಿಂದ ತಾಯಿಯ ಹೆಸರಿನ ತಿದ್ದುಪಡಿ ಬಂದಿದೆ. ‘ದೇವಿ’ ಹೋಗಿ ‘ಅಮ್ಮ’ ಮರಳಿದೆ. ಮಗನ ಹೆಸರನ್ನು ಸೇರಿಸುವ ಮೊದಲು ವೈದ್ಯಕೀಯ ಪರೀಕ್ಷೆಗೆ ಕರೆದುಕೊಂಡು ಬನ್ನಿ ಎಂದು ಪತ್ರ ಬಂದಿದೆ, ಮುಂದಿನ ತಿಂಗಳು ಅವನನ್ನು ಬೆಂಗಳೂರಿಗೆ ಕರೆದೊಯ್ಯಬೇಕು. ಮಗಳು ರಜೆ ಹಾಕಿ ಬರುತ್ತೇನೆ ಎಂದಿದ್ದಾರೆ. ಏಪ್ರಿಲ್‌ನ ರಸೀದಿಯನ್ನೂ ಆ ಪತ್ರವನ್ನೂ ಮಗ ಒಂದೇ ಚೀಲದಲ್ಲಿ ಸುತ್ತಿಸಿ ಟ್ರಂಕಿನಲ್ಲಿ, ಸ್ವೆಟರಿನ ಮೇಲುಗಡೆ, ಇಡಿಸಿದ್ದಾನೆ.